ಕೀಲಿಕೈ ಯಾರಲ್ಲಿರಬೇಕು?

ಮನೆಯ ಹಿರಿಯರು ಲಿಂಗೈಕ್ಯರಾದ ಮೇಲೆ ಮಕ್ಕಳು ಮೊದಲು ಹುಡುಕುವುದು ಕೀಲಿಕೈಗಳ ಗೊಂಚಲನ್ನು. ಟ್ರಂಕಿನದು ಯಾವುದು, ದೇವರ ಕೋಣೆಯ ಪೆಟ್ಟಿಗೆಯದು ಯಾವುದು ಎಂದು ಒಂದೊಂದನ್ನೇ ಹಾಕಿ ನೋಡುತ್ತಾರೆ. ಯಾವುದೂ ಹೊಂದದಿದ್ದರೆ ಕೀಲಿಯನ್ನೇ ಒಡೆಯುತ್ತಾರೆ. ಕಬ್ಬಿಣದ ಕೀಲಿಯನ್ನು ಹೀಗೆ ಒಡೆಯಬಹುದು. ಒಡೆಯಲು ಬಾರದ ಕೀಲಿಗಳೂ ಉಂಟೆಂಬುದನ್ನು ನಾನು ಅರಿತದ್ದು ನಲವತ್ತರ ವಯಸ್ಸು ದಾಟಿದ ಮೇಲೆ. ಅದಕ್ಕೂ ಮುಂಚೆ, ನನ್ನ ಹದಿನೈದನೆಯ ವಯಸ್ಸಿನಲ್ಲಿ, ಕೀಲಿಕೈ ಕೈಯಲ್ಲಿದ್ದರೂ ಬಾಗಿಲು ತೆರೆಯದೆ ಒಂದು ತಪ್ಪು ಮಾಡಿದ್ದೆ. ಈ ಎರಡೂ ಸಂಗತಿಗಳನ್ನು ಓದುಗ ಬಂಧುಗಳ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂಬುದು ಬಹುದಿನಗಳ ಅಪೇಕ್ಷೆ. ಹಳೆಯ ಓಲೆಕಟ್ಟು, ದಫ್ತರ, ಪತ್ರಗಳು ಇಂದಿಗೂ ನಮ್ಮ ಅನೇಕ ಮನೆಗಳ ಅಟ್ಟದ ಮೇಲಿರುವುದರಿಂದ ಇದು ನನ್ನೊಬ್ಬನ ಕಥೆಯಲ್ಲವೆಂದು ಭಾವಿಸಿದ್ದೇನೆ.

ನಾನು ಬೆಳೆದದ್ದು ಮಠದ ಆಶ್ರಯದಲ್ಲಿ. ಮುಂಡರಗಿ ಸೀಮೆಯ ನಮ್ಮ ಹಳ್ಳಿಯಿಂದ ತಂದೆಯವರು ನನ್ನನ್ನು ಹತ್ತನೆಯ ವಯಸ್ಸಿನಲ್ಲಿ ಗದಗ ಭಾಗದ ಒಂದು ಮಠಕ್ಕೆ ಕರೆತಂದು ಗುರುಗಳ ಪಾದಕ್ಕೆ ಹಾಕಿ ಹೋದರು. ನಸುಕಿನಲ್ಲಿ ಎದ್ದು ಲಿಂಗಪೂಜೆ, ಆಮೇಲೆ ಸಂಸ್ಕೃತ ಪಾಠ, ಹಗಲು ಶಾಲೆ, ಸಂಜೆ ವಚನಗಳ ಕಂಠಪಾಠ, ರಾತ್ರಿ ಪ್ರಸಾದವಾದ ಮೇಲೆ ಕಂದೀಲಿನ ಬೆಳಕಿನಲ್ಲಿ ತಾಡವೋಲೆ ಓದುವ ಅಭ್ಯಾಸ. ಓಲೆಯ ಮೇಲಿನ ಅಕ್ಷರ ಕಂಠದಿಂದ ಕೊರೆದದ್ದು, ಮಸಿ ಸವರದಿದ್ದರೆ ಕಣ್ಣಿಗೆ ಕಾಣದು. ಪದಪದಗಳ ನಡುವೆ ತೆರಪಿಲ್ಲ. ಎತ್ವ ಒತ್ವಗಳ ದೀರ್ಘಕ್ಕೆ ಗುರುತಿಲ್ಲ. ಇದೆಲ್ಲವನ್ನೂ ಬಲ್ಲವನಾದೆನೆಂದು ತೋರಿದ ದಿನ ಗುರುಗಳು ಹಸ್ತಪ್ರತಿಗಳ ಕಪಾಟಿನ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟರು. ಅದನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗಿದೆ. ಆ ವಯಸ್ಸಿನ ಹುಡುಗನಿಗೆ ಅದು ಅರಸುತನವೇ ಸರಿ.

1975ರ ಮಳೆಗಾಲದ ಆರಂಭದಲ್ಲಿ ಗುರುಗಳು ಧಾರವಾಡಕ್ಕೆ ಹೋಗಿದ್ದರು. ಮಧ್ಯಾಹ್ನದ ಬಸ್ಸಿಗೆ ಶಿರಹಟ್ಟಿ ಕಡೆಯ ಒಬ್ಬ ವೃದ್ಧ ಶಿಕ್ಷಕರು ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅವರ ಮನೆಯಲ್ಲಿದ್ದ ಒಂದು ವಚನಕಟ್ಟಿನ ಪಾಠವನ್ನು ನಮ್ಮಲ್ಲಿದ್ದ ಪ್ರತಿಯೊಂದಿಗೆ ಹೋಲಿಸಿ ನೋಡಬೇಕಾಗಿತ್ತು. ಗುರುಗಳಿಲ್ಲದಾಗ ಕಪಾಟು ತೆಗೆಯುವಂತಿಲ್ಲವೆಂದು ನಾನು ಹೇಳಿದೆ.

"ನೀನ ಮುಂದ ಕುಂತಿರು ತಮ್ಮಾ. ನಾ ಒಂದ ನಾಕ ಗರಿ ನೋಡ್ತೀನಿ, ಬರಕೊಂಡ ಹೋಗ್ತೀನಿ, ಅಷ್ಟ" ಎಂದರು.

ನಾನು ಒಪ್ಪಲಿಲ್ಲ. ನಿಯಮ ಪಾಲಿಸುತ್ತಿದ್ದೇನೆಂಬ ಹೆಮ್ಮೆಯೂ ಇತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಅವರು ನೀರು ಕುಡಿದು, ಕೈಮುಗಿದು, ಬಂದ ದಾರಿಯಲ್ಲೇ ಹೊರಟುಹೋದರು.

ಆ ವರ್ಷ ಶ್ರಾವಣದ ಮಳೆ ಬಿಡದೆ ಹೊಡೆಯಿತು. ಕಪಾಟಿನ ಹಿಂದಿನ ಗೋಡೆ ತೊಯ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಹಬ್ಬಕ್ಕೆಂದು ತೆಗೆದು ನೋಡಿದಾಗ ಕೆಳಸಾಲಿನ ಮೂರು ಕಟ್ಟುಗಳು ನೆನೆದ ಬೆಲ್ಲದ ಅಚ್ಚಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಹೋದರೆ ಪುಡಿಯಾಗುತ್ತಿದ್ದವು. ಅವುಗಳಲ್ಲೊಂದು ಆ ಶಿಕ್ಷಕರು ಕೇಳಿದ ಕಟ್ಟು. ಗುರುಗಳು ನನ್ನನ್ನು ಬಯ್ಯಲಿಲ್ಲ. "ಅವರಿಗೆ ತೋರಿಸಿದ್ದರ ಅವರ ಕಡೆ ನಕಲಾದ್ರೂ ಉಳೀತಿತ್ತಲ್ಲ" ಎಂದಷ್ಟೇ ನುಡಿದರು. ಎರಡು ವರ್ಷಗಳ ತರುವಾಯ ನಾನು ಶಿರಹಟ್ಟಿಗೆ ಹೋಗಿ ವಿಚಾರಿಸಿದಾಗ ಆ ಹಿರಿಯರು ಲಿಂಗೈಕ್ಯರಾಗಿದ್ದರು. ಮನೆಯವರು ಊರು ಬಿಟ್ಟಿದ್ದರು. ಅವರ ಪ್ರತಿಯೂ ಏನಾಯಿತೆಂಬುದು ತಿಳಿಯಲಿಲ್ಲ.

ನಮ್ಮ ಪೂರ್ವಿಕರಿಗೆ ಒಂದು ಸತ್ಯ ಚೆನ್ನಾಗಿ ಗೊತ್ತಿತ್ತು. ಓಲೆ ಎಷ್ಟೇ ಗಟ್ಟಿಯಾದರೂ ಕೆಲವು ನೂರು ವರ್ಷಗಳ ಆಯುಷ್ಯದ್ದು. ಗ್ರಂಥ ಉಳಿಯಬೇಕಾದರೆ ಅದು ಕೈಯಿಂದ ಕೈಗೆ ನಕಲಾಗುತ್ತ ಸಾಗಬೇಕು. ಹನ್ನೆರಡನೆಯ ಶತಮಾನದ ಶರಣರ ನುಡಿಗಳು ನಮಗೆ ದೊರೆತದ್ದು ಹೆಸರೂ ತಿಳಿಯದ ಅಸಂಖ್ಯ ಪ್ರತಿಕಾರರ ಕಾಯಕದಿಂದ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗೆ ತಿರುಗಿ ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿನಲ್ಲಿ ತಂದರು. ಸ್ವಂತ ಮುದ್ರಣಾಲಯವನ್ನು ಸ್ಥಾಪಿಸಲು ಇದ್ದ ಮನೆಯನ್ನೂ ಮಾರಿದರು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿತು. ನಮ್ಮ ಗದುಗಿನಲ್ಲಿಯೇ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಅಧ್ಯಯನ ಸಂಸ್ಥೆಯ ಮೂಲಕ ಗ್ರಂಥ ಪ್ರಕಟಣೆಯನ್ನು ಒಂದು ವ್ರತದಂತೆ ನಡೆಸಿದುದನ್ನು ಈ ಭಾಗದವರೆಲ್ಲ ಬಲ್ಲರು. ಇವರೆಲ್ಲರೂ ಮಾಡಿದ್ದು ಒಂದೇ ಕೆಲಸ: ಕಪಾಟಿನಲ್ಲಿದ್ದುದನ್ನು ಹಲವರ ಕೈಗೆ ಮುಟ್ಟಿಸಿದರು.

ನನ್ನ ಪಾಲಿಗೆ ಬಂದದ್ದು ಪಟ್ಟಿ ಮಾಡುವ ಕೆಲಸ. 1990ರ ದಶಕದಲ್ಲಿ ನಾನು ಬೆಟಗೇರಿಯಲ್ಲಿ ನೆಲೆಸಿ, ರಜೆಯ ದಿನಗಳಲ್ಲಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಡಂಬಳದ ಸುತ್ತಿನ ಹಳ್ಳಿಗಳಿಗೆ ಹೋಗಿ ಯಾರ ಮನೆಯಲ್ಲಿ ಯಾವ ಕಟ್ಟು ಇದೆ, ಎಷ್ಟು ಗರಿ, ಯಾವ ವಿಷಯ, ಯಾವ ಸ್ಥಿತಿ ಎಂದು ಬರೆದುಕೊಳ್ಳುತ್ತಿದ್ದೆ. ಏಳು ನೋಟುಬುಕ್ಕುಗಳು ತುಂಬಿದವು. 2001ರಲ್ಲಿ ಹಿತೈಷಿಗಳು ಕೂಡಿ ಒಂದು ಗಣಕಯಂತ್ರವನ್ನೂ, ಗ್ರಂಥಗಳ ಯಾದಿ ಇಡುವ ಒಂದು ತಂತ್ರಾಂಶವನ್ನೂ ಕೊಡಿಸಿದರು. ಆ ತಂತ್ರಾಂಶ ನಡೆಯಬೇಕಾದರೆ ಯಂತ್ರದ ಹಿಂಬದಿಗೆ ಹೆಬ್ಬೆರಳಿನ ಗಾತ್ರದ ಒಂದು ಕಪ್ಪು ತುಂಡನ್ನು ಸಿಕ್ಕಿಸಬೇಕು. ಅದಕ್ಕೆ ಡಾಂಗಲ್ ಎನ್ನುತ್ತಾರಂತೆ. ಅದೇ ಅದರ ಕೀಲಿಕೈ. ಅಕ್ಷರಗಳೂ ಆ ಕಂಪನಿಯದೇ ಸ್ವಂತ ಮಾದರಿಯವು. ಮೂರು ವರ್ಷ ಸಂಜೆಯ ಹೊತ್ತು ಕುಳಿತು ಏಳೂ ಪುಸ್ತಕಗಳ ವಿವರವನ್ನು ಅದರಲ್ಲಿ ತುಂಬಿದೆ. ಒಂದು ಸಿ.ಡಿ.ಯಲ್ಲಿ ಪ್ರತಿ ತೆಗೆದಿಟ್ಟೆ. ಕೆಲಸ ಮುಗಿಯಿತೆಂಬ ಧೈರ್ಯದಿಂದ ನೋಟುಬುಕ್ಕುಗಳ ಬಗ್ಗೆ ಅಲಕ್ಷ್ಯ ಮಾಡಿದೆ. ಮನೆ ಬದಲಿಸುವಾಗ ಎರಡು ಪುಸ್ತಕಗಳು ಕಳೆದುಹೋದವು.

ಒಂದು ರಾತ್ರಿ ಸಿಡಿಲಿಗೆ ಯಂತ್ರ ಸುಟ್ಟಿತು, ಅದರೊಂದಿಗೆ ಆ ಕಪ್ಪು ತುಂಡೂ ಹೋಯಿತು. ಹೊಸದನ್ನು ಕೇಳೋಣವೆಂದರೆ ಕಂಪನಿ ಮುಚ್ಚಿ ಆಗಲೇ ವರ್ಷವಾಗಿತ್ತು. ಅವರನ್ನು ದೂರಿ ಫಲವಿಲ್ಲ. ವ್ಯಾಪಾರವೆಂದ ಮೇಲೆ ಏಳುಬೀಳು ಸಹಜ. ಸಿ.ಡಿ. ಮಾತ್ರ ನನ್ನ ಕೈಯಲ್ಲಿತ್ತು. ಬೆಳ್ಳಿಯ ಬಿಲ್ಲೆಯಂತೆ ಥಳಥಳಿಸುತ್ತಿತ್ತು. ಒಳಗಿದ್ದುದನ್ನು ಓದುವ ದಾರಿಯೊಂದೂ ಇರಲಿಲ್ಲ. ಒಡೆಯಲು ಬಾರದ ಕೀಲಿಯೆಂದು ಆರಂಭದಲ್ಲಿ ಹೇಳಿದ್ದು ಇದನ್ನೇ.

2020ರಲ್ಲಿ ಮಹಾಮಾರಿಯ ಕಾರಣ ಕಾಲೇಜುಗಳು ಮುಚ್ಚಿದಾಗ ನನ್ನ ತಮ್ಮನ ಮಗಳು ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದಳು. ಅವಳು ಗ್ರಂಥಾಲಯ ವಿಜ್ಞಾನ ಓದಿ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಉದ್ಯೋಗದಲ್ಲಿದ್ದಾಳೆ. ಆ ಸಿ.ಡಿ.ಯ ಕಥೆ ಕೇಳಿ ವಾರಗಟ್ಟಲೆ ಅದರೊಂದಿಗೆ ಹೆಣಗಿದಳು. ಹಳೆಯ ಮಾದರಿಯ ಅಕ್ಷರಗಳನ್ನು ಈಗ ಎಲ್ಲೆಡೆ ನಡೆಯುವ ಯೂನಿಕೋಡಿಗೆ ತಿರುಗಿಸಿ ಒಂದಷ್ಟು ಪದಗಳನ್ನು ಹೊರತೆಗೆದಳು. ಊರ ಹೆಸರುಗಳು ಒಂದೆಡೆ, ಗ್ರಂಥದ ಹೆಸರುಗಳು ಇನ್ನೊಂದೆಡೆ, ಗರಿಗಳ ಸಂಖ್ಯೆ ಮತ್ತೊಂದೆಡೆ ಬಂದವು. ಯಾವ ಗ್ರಂಥ ಯಾವ ಊರಿನದೆಂಬ ಸಂಬಂಧ ಮಾತ್ರ ಬರಲಿಲ್ಲ. ದಾರ ಹರಿದ ಓಲೆಕಟ್ಟಿನಂತಾಗಿತ್ತು ಅದರ ಸ್ಥಿತಿ. ಕಳೆದ ಎರಡು ನೋಟುಬುಕ್ಕುಗಳ ಮನೆಗಳಿಗೆ ಮತ್ತೆ ಹೋಗಿ ವಿಚಾರಿಸಿದಾಗ ಕೆಲವೆಡೆ ಕಟ್ಟುಗಳು ಗೆದ್ದಲಿಗೆ ಆಹುತಿಯಾಗಿದ್ದವು. ಕೆಲವೆಡೆ "ಹಳೇವು ಮನ್ಯಾಗ ಇರಬಾರದಂತ ಹೊಳಿಗೆ ಬಿಟ್ಟಿವ್ರಿ" ಎಂದರು. ತುಂಗಭದ್ರೆಗೆ ಹೋದ ಆ ಗ್ರಂಥಗಳು ಇದ್ದವೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಯಾದಿಯಾಗಿತ್ತು.

"ದೊಡ್ಡಪ್ಪಾ, ಈ ಸಲ ಮುಕ್ತ ತಂತ್ರಾಂಶದಾಗ ಮಾಡೂಣು" ಎಂದಳು ಹುಡುಗಿ.

"ಅಂದರ ಪುಕ್ಕಟೆ ಸಿಗೂದೇನು?" ಎಂದೆ.

"ಪುಕ್ಕಟೆ ಅನ್ನೂದು ಸಣ್ಣ ಮಾತು. ಅದರ ಒಳಗಿನ ರಚನಾನೂ ನಮಗ ಕೊಟ್ಟಿರತಾರ" ಎಂದು ಅವಳು ವಿವರಿಸಿದ್ದನ್ನು ನಾನು ಬೆಟಗೇರಿಯ ಕೈಮಗ್ಗದಿಂದ ಅರ್ಥಮಾಡಿಕೊಂಡೆ. ನಮ್ಮ ಓಣಿಯ ಮಗ್ಗದಲ್ಲಿ ಒಂದು ಭಾಗ ಮುರಿದರೆ ಅದರ ರಚನೆ ಕಣ್ಣಿಗೆ ಕಾಣುವಂತಿರುವುದರಿಂದ ನೇಕಾರನೇ ಸರಿಮಾಡುತ್ತಾನೆ. ಅವನಿಂದಾಗದಿದ್ದರೆ ಪಕ್ಕದ ಮನೆಯವನು, ಅವನಿಂದಲೂ ಆಗದಿದ್ದರೆ ಬಡಿಗೇರ ಬರುತ್ತಾನೆ. ಮಗ್ಗ ಮಾಡಿದ ಬಡಿಗ ತೀರಿಕೊಂಡರೂ ನೇಯ್ಗೆ ನಿಲ್ಲುವುದಿಲ್ಲ. ಮುಕ್ತ ತಂತ್ರಾಂಶವೆಂದರೆ ಅಂಥ ಮಗ್ಗ. ಅದನ್ನು ಯಾರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವರು ಗ್ನೂ ಎಂಬ ಯೋಜನೆಯನ್ನು ಸಾರಿ ಈ ವಿಚಾರಕ್ಕೆ ಬುನಾದಿ ಹಾಕಿದರು. 1989ರಲ್ಲಿ ಅವರು ರಚಿಸಿದ ಪರವಾನಗಿಯ ಷರತ್ತು ಗಮನಾರ್ಹವಾದುದು: ಪಡೆದವನು ಅದನ್ನು ಮುಂದಿನವನಿಗೆ ಹಂಚುವಾಗ ತಾನು ಪಡೆದ ಸ್ವಾತಂತ್ರ್ಯವನ್ನೂ ಕೊಡಬೇಕು. ಪ್ರಸಾದವನ್ನು ಪಡೆದವನು ಅದಕ್ಕೆ ಬೆಲೆ ಕಟ್ಟಿ ಕೀಲಿ ಹಾಕುವಂತಿಲ್ಲವೆಂಬ ದಾಸೋಹದ ನಡೆಯನ್ನು ಬಲ್ಲವರಿಗೆ ಇದು ಹೊಸ ಮಾತೆನಿಸದು.

ಗ್ರಂಥಗಳನ್ನೂ ದಾಖಲೆಗಳನ್ನೂ ಇಡುವುದಕ್ಕಾಗಿಯೇ ಇಂಥ ತಂತ್ರಾಂಶಗಳು ಹಲವಿವೆ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದದ್ದು ಕೋಹಾ. ಅಲ್ಲಿನ ಮಾವೋರಿ ಜನರ ಭಾಷೆಯಲ್ಲಿ ಆ ಪದಕ್ಕೆ ಕಾಣಿಕೆಯೆಂದು ಅರ್ಥ. ಅದೇ ದೇಶದ ವೈಕಾಟೊ ವಿಶ್ವವಿದ್ಯಾಲಯದವರು ಯುನೆಸ್ಕೋದ ಸಹಕಾರದಿಂದ ಹಂಚಿದ್ದು ಗ್ರೀನ್‌ಸ್ಟೋನ್. ಅಮೆರಿಕದ ಎಂ.ಐ.ಟಿ. ಗ್ರಂಥಾಲಯ ಮತ್ತು ಎಚ್.ಪಿ. ಕಂಪನಿ ಕೂಡಿ 2002ರಲ್ಲಿ ಹೊರತಂದದ್ದು ಡಿಸ್ಪೇಸ್. ನಮ್ಮ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಸಂಗ್ರಹಿಸುವ ಶೋಧಗಂಗಾ ಭಂಡಾರವು ನಿಂತಿರುವುದು ಈ ಡಿಸ್ಪೇಸಿನ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2002ರಷ್ಟು ಹಿಂದೆಯೇ ಈಪ್ರಿಂಟ್ಸ್ ಎಂಬ ಮುಕ್ತ ತಂತ್ರಾಂಶದಿಂದ ತನ್ನ ಸಂಶೋಧನ ಲೇಖನಗಳ ಭಂಡಾರವನ್ನು ತೆರೆಯಿತು.

ನಮ್ಮದು ಒಂದು ಮನೆ, ಒಂದು ಯಂತ್ರ. ಡಿಸ್ಪೇಸಿಗೆ ಸದಾ ನಡೆಯುವ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ತಿಳಿವಳಿಕೆಯ ಮನುಷ್ಯ ಬೇಕು. ಆದ್ದರಿಂದ ನಾವು ಗ್ರೀನ್‌ಸ್ಟೋನನ್ನು ಆರಿಸಿಕೊಂಡೆವು. ಅಂತರ್ಜಾಲವಿಲ್ಲದೆಯೂ ಅದು ಸಾದಾ ಗಣಕಯಂತ್ರದಲ್ಲಿ ನಡೆಯುತ್ತದೆ. ಅದರ ಓದುಗರ ಪುಟಗಳು ಕನ್ನಡದಲ್ಲಿಯೂ ಇವೆ. ನನಗೆ ಎಲ್ಲಕ್ಕಿಂತ ಸಮಾಧಾನ ತಂದದ್ದು ಬೇರೊಂದು ಸಂಗತಿ. ನಾವು ತುಂಬಿದ ವಿವರಗಳನ್ನು ಅದು ಸಾದಾ ಅಕ್ಷರದ ಕಡತಗಳಲ್ಲಿ ಇಡುತ್ತದೆ. ನಾಳೆ ಗ್ರೀನ್‌ಸ್ಟೋನೇ ಇಲ್ಲದಂತಾದರೂ ಆ ಕಡತಗಳನ್ನು ತೆರೆದು, ಯಾವ ಗ್ರಂಥ ಯಾವ ಊರಿನದೆಂಬುದನ್ನು ಓದಿಕೊಳ್ಳಬಹುದು. ಪರೀಕ್ಷೆಗೆಂದು ಮಗಳು ತಂತ್ರಾಂಶವನ್ನು ಪೂರ್ತಿ ತೆಗೆದುಹಾಕಿ, ಬರಿಯ ಕಡತವನ್ನು ನನ್ನ ಮುಂದೆ ತೆರೆದು ತೋರಿಸಿದಳು. ಸಾಲುಗಳು ಮುರಿಯದೆ ನಿಂತಿದ್ದವು. ಅಂದು ನನಗೆ ನಿಶ್ಚಿಂತೆಯಿಂದ ನಿದ್ರೆ ಬಂತು.

ಇನ್ನು ವಿವರ ತುಂಬುವ ಕೆಲಸ. ಗ್ರಂಥದ ಹೆಸರು, ಕರ್ತೃ, ವಿಷಯ, ಕಾಲ, ಭಾಷೆ, ಮೂಲ, ಹಕ್ಕು ಮೊದಲಾದ 15 ಅಂಶಗಳ ಒಂದು ಚೌಕಟ್ಟು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ವಿದ್ವಾಂಸರು ಕೂಡಿ ಇದಕ್ಕೆ ಚಾಲನೆ ಕೊಟ್ಟುದರಿಂದ ಡಬ್ಲಿನ್ ಕೋರ್ ಎಂದು ಹೆಸರು. ನಮ್ಮ ಪ್ರತಿಕಾರರೂ ಗ್ರಂಥದ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ, ಊರು, ಬರೆಸಿದವರು, ಬರೆದವರು ಎಂದು ಇದನ್ನೇ ಬರೆಯುತ್ತಿದ್ದರೆಂದು ಹೇಳಿದಾಗ ಮಗಳಿಗೆ ಬಹಳ ಸಂತೋಷವಾಯಿತು. ಸಂತೋಷದ ಹಿಂದೆಯೇ ತೊಡಕೂ ಬಂತು. ಒಂದು ಕಟ್ಟಿನಲ್ಲಿ ವಿಕಾರಿ ಸಂವತ್ಸರವೆಂದಷ್ಟೇ ಇದೆ, ಶಕವರ್ಷವಿಲ್ಲ. ಸಂವತ್ಸರಗಳು 60 ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅದು 1779 ಆಗಬಹುದು, 1839 ಆಗಬಹುದು, 1899 ಸಹ ಆಗಬಹುದು. ಗಣಕಯಂತ್ರ ಅಂಕಿಯನ್ನೇ ಬೇಡುತ್ತದೆ. ಊಹಿಸಿ ಒಂದು ಅಂಕಿ ಹಾಕಿದರೆ ಮುಂದಿನವರು ಅದನ್ನೇ ಸತ್ಯವೆಂದು ನಂಬುತ್ತಾರೆ. ಆದ್ದರಿಂದ ಕಾಲದ ಸ್ಥಳವನ್ನು ಖಾಲಿ ಬಿಟ್ಟು, ವಿವರಣೆಯಲ್ಲಿ ಗ್ರಂಥದಲ್ಲಿದ್ದ ಮಾತನ್ನು ಇದ್ದಂತೆ ಬರೆದು, ಮೂರು ಸಾಧ್ಯತೆಗಳನ್ನೂ ಸೂಚಿಸಿದೆವು.

ಹೆಸರುಗಳದು ಇನ್ನೊಂದು ತೊಡಕು. ಒಂದು ಪ್ರತಿ ಗದಗವೆನ್ನುತ್ತದೆ, ಇನ್ನೊಂದು ಗದುಗೆನ್ನುತ್ತದೆ. ಇಂದಿನ ಲಕ್ಷ್ಮೇಶ್ವರವು ಹಳೆಯ ಬರಹಗಳಲ್ಲಿ ಪುಲಿಗೆರೆ, ಹುಲಿಗೆರೆ. ತೋಂಟದ ಸಿದ್ಧಲಿಂಗರು ಒಂದೆಡೆ, ಎಡೆಯೂರು ಸಿದ್ಧಲಿಂಗೇಶ್ವರರು ಇನ್ನೊಂದೆಡೆ. ಇಬ್ಬರೂ ಒಬ್ಬರೇ ಎಂಬುದು ನಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಒಂದು ಹೆಸರನ್ನು ಪ್ರಧಾನವಾಗಿಟ್ಟು ಉಳಿದವನ್ನು ಅದಕ್ಕೆ ಜೋಡಿಸುವ ಕೆಲಸ ಬಲ್ಲವರೇ ಮಾಡಬೇಕಾದದ್ದು. ತಂತ್ರಾಂಶ ಕಪಾಟನ್ನು ಕೊಡುತ್ತದೆ. ಒಳಗಿಡುವ ತಿಳಿವಳಿಕೆ ನಮ್ಮ ಗುರುಹಿರಿಯರಿಂದ ಬರಬೇಕು.

ಈ ಎಚ್ಚರ ನಮ್ಮ ಸೀಮೆಗೆ ಹೆಚ್ಚು ಅವಶ್ಯ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಬಸ್ಸಿನಲ್ಲಿ ಒಂದೇ ದಿನ ಸುತ್ತಿ ಬರಬಹುದಾದ ನಾಲ್ಕು ಊರುಗಳಿಗೆ ಮೂರು ಆಳ್ವಿಕೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ನಮ್ಮ ಹಿರಿಯರ ಕನ್ನಡ ಮತ್ತು ಮೋಡಿ ಕಾಗದಪತ್ರಗಳು ಒಂದೆಡೆ ಇರುವಂತಿಲ್ಲ. ಬೇರೆಬೇರೆ ಭಂಡಾರಗಳ ಯಾದಿಗಳನ್ನು ಒಂದೆಡೆ ಕೂಡಿಸಿ ಹುಡುಕುವಂತೆ ಮಾಡುವ ಸಾಮಾನ್ಯ ವಿಧಾನವೊಂದು 2001ರಿಂದಲೇ ಇದೆ. ಅದನ್ನು ಈ ಮುಕ್ತ ತಂತ್ರಾಂಶಗಳು ಅನುಸರಿಸುತ್ತವೆ. ಕಟ್ಟುಗಳು ಅವರವರ ಮನೆಯಲ್ಲೇ ಇರಲಿ, ಯಾದಿಗಳು ಒಂದನ್ನೊಂದು ಅರಿಯಲಿ. ನಮಗೆ ಇಷ್ಟಾದರೂ ಆಗಬೇಕು.

ಹೀಗೆ ತೆರೆದಿಟ್ಟರೆ ಆಗುವ ಲಾಭಕ್ಕೆ ಕಣ್ಣೆದುರಿನ ದೃಷ್ಟಾಂತ ವಚನ ಸಂಚಯ. ಸಮಗ್ರ ವಚನ ಸಂಪುಟಗಳ ಪಾಠವು ಹಳೆಯ ಮಾದರಿಯ ಅಕ್ಷರಗಳಲ್ಲಿ ಸಿಕ್ಕಿಕೊಂಡಿದ್ದಾಗ, ಓಂಶಿವಪ್ರಕಾಶ್, ವಸುಧೇಂದ್ರ, ಓ. ಎಲ್. ನಾಗಭೂಷಣಸ್ವಾಮಿ ಮೊದಲಾದವರ ಬಳಗವು 2010ರ ದಶಕದಲ್ಲಿ ಅದನ್ನು ಯೂನಿಕೋಡಿಗೆ ತಂದು, ಮುಕ್ತ ತಂತ್ರಾಂಶಗಳ ನೆರವಿನಿಂದ ಅಂತರ್ಜಾಲದಲ್ಲಿ ತೆರೆದಿಟ್ಟಿತು. ಇನ್ನೂರಕ್ಕೂ ಹೆಚ್ಚು ವಚನಕಾರರ 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದವನ್ನು ಯಾರು ಯಾರು ಬಳಸಿದ್ದಾರೆಂಬುದನ್ನು ಈಗ ಶಾಲೆಯ ಹುಡುಗಿಯೂ ಕ್ಷಣದಲ್ಲಿ ತಿಳಿಯಬಹುದು. ಇದೇ ಕೆಲಸಕ್ಕೆ ನಾನು ಯೌವನದಲ್ಲಿ ಚೀಟಿಗಳನ್ನು ಬರೆಯುತ್ತ ಒಂದಿಡೀ ಚಳಿಗಾಲ ಕಳೆದಿದ್ದೆ. ಪುಲಿಗೆರೆಯ ಸೋಮನಾಥನೊಂದಿಗೆ ಹೆಸರು ಬೆಸೆದುಕೊಂಡ ಆದಯ್ಯನವರ ವಚನಗಳನ್ನು ಲಕ್ಷ್ಮೇಶ್ವರದ ಒಬ್ಬ ಹುಡುಗ ಸೋಮೇಶ್ವರ ಗುಡಿಯ ಅಂಗಳದಲ್ಲಿ ಕುಳಿತು ಮೊಬೈಲಿನಲ್ಲಿ ಓದುತ್ತಿದ್ದುದನ್ನು ಕಂಡಾಗ ನನಗೆ ಹಳಕಟ್ಟಿಯವರು ಮಾರಿದ ಮನೆಯ ನೆನಪಾಯಿತು.

ಆದರೆ ಎಲ್ಲವನ್ನೂ ಎಲ್ಲರಿಗೂ ತೆರೆಯಬೇಕೆ? ಈ ಪ್ರಶ್ನೆಯನ್ನು ನನಗೆ ಕೇಳಿದವರು ಲಕ್ಷ್ಮೇಶ್ವರ ಕಡೆಯ ಒಬ್ಬ ತಾಯಿ. ಅವರ ಮನೆಯ ದಫ್ತರದಲ್ಲಿ ಎರಡು ವಚನಕಟ್ಟುಗಳ ಜೊತೆಗೆ ಸಾಲದ ಲೆಕ್ಕ, ಅಡವಿನ ಪತ್ರ, ದಾಯಾದಿ ಜಗಳದ ಕಾಗದಗಳಿದ್ದವು. ಚಿತ್ರ ತೆಗೆಯಲು ಕುಳಿತಾಗ ಅವರು, "ಶಾಸ್ತ್ರಿಗಳ, ನಮ್ಮ ಮಾವನವರ ಸಾಲದ ಲೆಕ್ಕಾನ ಊರಿಗೆಲ್ಲ ತೋರಸಾವ್ರೇನ್ರಿ?" ಎಂದರು.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನನ್ನ ಹದಿನೈದನೆಯ ವಯಸ್ಸಿನ ತಪ್ಪಿಗೆ ಪ್ರಾಯಶ್ಚಿತ್ತವೆಂದು ಸಿಕ್ಕಿದ್ದನ್ನೆಲ್ಲ ತೆರೆದಿಡಲು ಹೊರಟಿದ್ದ ನನಗೆ ಆ ತಾಯಿ ಒಂದು ಮರ್ಯಾದೆಯನ್ನು ಕಲಿಸಿದರು. ತಂತ್ರಾಂಶ ಮುಕ್ತವಾಗಿರುವುದು ಬೇರೆ, ಒಳಗಿನ ಕಾಗದ ಮುಕ್ತವಾಗಿರುವುದು ಬೇರೆ. ಡಿಸ್ಪೇಸಿನಂಥ ತಂತ್ರಾಂಶಗಳಲ್ಲಿ ಯಾವುದನ್ನು ಯಾರು ನೋಡಬಹುದು, ಎಂದಿನಿಂದ ನೋಡಬಹುದು ಎಂಬುದನ್ನು ಒಂದೊಂದು ದಾಖಲೆಗೂ ಬೇರೆಬೇರೆಯಾಗಿ ಗೊತ್ತುಪಡಿಸಲು ಬರುತ್ತದೆ. ನಾವು ನಮ್ಮ ಸಣ್ಣ ರೀತಿಯಲ್ಲಿ ಹಾಗೆಯೇ ಮಾಡಿದೆವು. ವಚನಕಟ್ಟಿನ ಚಿತ್ರಗಳನ್ನು ಎಲ್ಲರಿಗಾಗಿ ಇಟ್ಟೆವು. ಸಾಲದ ಕಾಗದಗಳ ಚಿತ್ರಗಳನ್ನು ಬೇರೆ ಪ್ರತಿ ಮಾಡಿ ಆ ಮನೆಯವರ ಕೈಗೇ ಕೊಟ್ಟೆವು. ಯಾದಿಯಲ್ಲಿ 'ಕುಟುಂಬದ ವ್ಯವಹಾರ ಪತ್ರಗಳು, ಮನೆಯವರ ಅಪ್ಪಣೆಯಿಂದ ನೋಡತಕ್ಕದ್ದು' ಎಂದು ಬರೆದೆವು. ಕೀಲಿಕೈ ಆ ತಾಯಿಯಲ್ಲಿಯೇ ಉಳಿಯಿತು. ಕೀಲಿ ಹಾಕುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಕೀಲಿಕೈ ವಸ್ತುವಿನ ಒಡೆಯರಲ್ಲಿರಬೇಕು, ಕಪಾಟು ಮಾರಿದವನಲ್ಲಿ ಇರಬಾರದು. ಇಷ್ಟು ವರ್ಷಗಳ ಅನುಭವದಿಂದ ನಾನು ಕಂಡುಕೊಂಡ ಮಾತು ಇದೊಂದೇ.

ಮುಕ್ತ ತಂತ್ರಾಂಶವೆಂದರೆ ಖರ್ಚಿಲ್ಲದ ಕೆಲಸವೆಂದು ಯಾರೂ ಭ್ರಮಿಸಬಾರದು. ಯಂತ್ರ ಬೇಕು, ಕರೆಂಟು ಬೇಕು, ಕಾಲಕಾಲಕ್ಕೆ ಹೊಸ ಆವೃತ್ತಿಗೆ ಬದಲಿಸುವವರು ಬೇಕು. ಗುಡಿ ಕಟ್ಟಿಸಿದವರು ನಿತ್ಯದ ದೀಪದ ಎಣ್ಣೆಗೂ ವ್ಯವಸ್ಥೆ ಮಾಡಬೇಕಾಗುತ್ತದೆ. ಸಿ.ಡಿ., ಹಾರ್ಡ್‌ಡಿಸ್ಕುಗಳ ಆಯುಷ್ಯವು ಓಲೆಯ ಆಯುಷ್ಯಕ್ಕಿಂತ ಬಹಳ ಕಡಿಮೆ. ಆದ್ದರಿಂದ ನಮ್ಮ ಯಾದಿಯ ಒಂದು ಪ್ರತಿ ಬೆಟಗೇರಿಯ ಮನೆಯಲ್ಲಿ, ಒಂದು ಹುಬ್ಬಳ್ಳಿಯಲ್ಲಿ, ಇನ್ನೊಂದು ಮುಂಡರಗಿಯ ಬಂಧುಗಳಲ್ಲಿ ಇವೆ. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ನೋಡುತ್ತೇವೆ. ಚಿತ್ರ ತೆಗೆದಾಯಿತೆಂದು ಮೂಲ ಕಟ್ಟನ್ನು ಕಡೆಗಣಿಸುವುದು ಮಹಾಪರಾಧ.

ಮನೆಯಲ್ಲಿ ಹಳೆಯ ಕಟ್ಟುಗಳಿರುವ ಬಂಧುಗಳಲ್ಲಿ ಕೆಲವು ವಿನಂತಿಗಳಿವೆ. ಹಬ್ಬದಲ್ಲಿ ಅವನ್ನು ಪೂಜಿಸಿರಿ, ಆದರೆ ನೀರು, ಕುಂಕುಮ, ಎಣ್ಣೆದೀಪಗಳನ್ನು ಅವುಗಳಿಂದ ದೂರವಿಡಿರಿ. ಗರಿಗಳು ಅಂಟಿಕೊಂಡಿದ್ದರೆ ಬಲವಂತದಿಂದ ಬಿಡಿಸಬೇಡಿರಿ. ಹೊಳೆಗೆ ಬಿಡಬೇಡಿರಿ. ಕಟ್ಟು ಎಲ್ಲಿಂದ ಬಂತು, ಯಾರು ಓದುತ್ತಿದ್ದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿರಿ. ಹಿರಿಯರೊಂದಿಗೆ ಮರೆಯಾಗುವ ಆ ವಿವರವನ್ನು ಮುಂದೆ ಯಾವ ತಂತ್ರಾಂಶವೂ ತಂದುಕೊಡಲಾರದು. ಯಾದಿ ಮಾಡಿಕೊಡುತ್ತೇವೆಂದು ಯಾರಾದರೂ ಯಂತ್ರ ತಂದರೆ ಒಂದೇ ಪ್ರಶ್ನೆ ಕೇಳಿರಿ: "ನಾಳೆ ನೀವಿಲ್ಲದಿದ್ದರೆ ಇದನ್ನು ನಾವು ತೆರೆದು ಓದಬಹುದೆ?"

ಕಳೆದ ಶ್ರಾವಣದಲ್ಲಿ ಯಾದಿಯನ್ನು ತಿದ್ದುತ್ತ ಕುಳಿತಾಗ ಮಗಳಿಗೆ ಇನ್ನೊಂದು ನಮೂದು ಸೇರಿಸಲು ಹೇಳಿದೆ. ಚಿತ್ರವಿಲ್ಲ, ಗರಿಗಳ ಸಂಖ್ಯೆಯಿಲ್ಲ. ವಿವರಣೆಯಲ್ಲಿ ಇಷ್ಟು ಬರೆಸಿದೆ: 'ವಚನಕಟ್ಟು. 1975ರ ಮಳೆಯಲ್ಲಿ ನಾಶವಾಯಿತು. ಅದಕ್ಕೂ ಮುಂಚೆ ಶಿರಹಟ್ಟಿ ಕಡೆಯ ಒಬ್ಬ ಶಿಕ್ಷಕರು ನೋಡಲು ಕೇಳಿದ್ದರು. ತೋರಿಸಲಿಲ್ಲ.'

"ಇದನ್ನೂ ಹಾಕೂದೇನು ದೊಡ್ಡಪ್ಪಾ?" ಎಂದಳು.

"ಹಾಕವ್ವ" ಎಂದೆ.

ಆ ಶಿಕ್ಷಕರ ಮನೆಯಲ್ಲಿದ್ದ ಪ್ರತಿ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇನ್ನೆಲ್ಲೋ ಒಂದು ಅಟ್ಟದ ಮೇಲೆ ಇದ್ದರೂ ಇದ್ದೀತು. ಈ ಬರಹವನ್ನು ಓದಿದ ಬಂಧುಗಳು ತಮ್ಮ ಅಟ್ಟವನ್ನೊಮ್ಮೆ ನೋಡಬೇಕೆಂದು ಪ್ರಾರ್ಥನೆ. ಅದು ದೊರೆತ ದಿನ ಆ ನಮೂದನ್ನು ತಿದ್ದಲು ಸ್ಥಳ ಬಿಟ್ಟಿದ್ದೇವೆ.